ದಾಳಿಂಬೆ ವೈನ್ ಮಾಡಿ ಮಾರೋಕೆ ಸಣ್ಣ ಲೈಸೆನ್ಸ್ ಅಂತ ಏನಾದ್ರೂ ಇದೆಯಾ?

ಹಿರಿಯೂರು ತೋಟ

ಎಲ್ರಿಗೂ ನಮಸ್ಕಾರ. ನಮ್ದು ಹಿರಿಯೂರು ಕಡೆ ದಾಳಿಂಬೆ ತೋಟ, ಭಗವಾ ತಳಿ. ಒಳ್ಳೆ ಹಣ್ಣನ್ನ ವ್ಯಾಪಾರಿ ತೋಟಕ್ಕೇ ಬಂದು ಎತ್ಕೊಂಡು ಹೋಗ್ತಾನೆ, ಅದ್ರಲ್ಲೇನೂ ತಕರಾರಿಲ್ಲ. ತಲೆನೋವು ಇರೋದು ಮಿಕ್ಕಿದ್ದರದ್ದು, ಬಿರುಕು ಬಿಟ್ಟಿದ್ದು, ಸೈಜ್ ಬರ್ದೇ ಇರೋದು, ಸಿಪ್ಪೆ ಮೇಲೆ ಅಂಗಮಾರಿ ಚುಕ್ಕೆ ಬಿದ್ದಿದ್ದು. ಒಡೆದು ನೋಡಿದ್ರೆ ಒಳಗೆ ಕಾಳು ಕೆಂಪಗೆ ಫಸ್ಟ್ ಕ್ಲಾಸಾಗಿರುತ್ತೆ, ಆದ್ರೆ ಜ್ಯೂಸ್ ಅಂಗಡಿಯೋರು ಕೇಳೋ ರೇಟಿಗೆ ಬಿಡಿಸಿದ ಕೂಲಿನೂ ಹುಟ್ಟಲ್ಲ.

ನನ್ನ ಭಾಮೈದ ಬೆಂಗಳೂರಲ್ಲಿ ಐಟಿ, ವೀಕೆಂಡ್ ಆದ್ರೆ ಇಂದಿರಾನಗರದ ಕ್ರಾಫ್ಟ್ ಬಿಯರ್ ಪಬ್ಬಲ್ಲೇ ಇರ್ತಾನೆ. ಅವ್ನು ತಲೆಗೆ ಹುಳ ಬಿಟ್ಟಿದಾನೆ, ಭಾವ ನೀವು ಇದನ್ನ ವೈನ್ ಮಾಡಿ, ಸಣ್ಣದಾಗಿ ಮಾಡಿ ಲೇಬಲ್ ಹಚ್ಚಿ, ಒಂದ್ ಬಾಟ್ಲಿ ಏಳ್ನೂರು ಎಂಟ್ನೂರಿಗೆ ಹೋಗುತ್ತೆ ಅಂತ. ತೋಟದಲ್ಲಿ ಜೇನು ಪೆಟ್ಟಿಗೆನೂ ಇಟ್ಟಿದೀವಿ, ಅದ್ರಲ್ಲಿ ಮೀಡ್, ಅಂದ್ರೆ ಜೇನಿನ ವೈನ್, ಮಾಡ್ಬೋದಂತೆ. ನಾನು ಫ್ಯಾಕ್ಟರಿ ಹಾಕೋನಲ್ಲ, ವರ್ಷಕ್ಕೆ ಒಂದು ಸಾವಿರ ಲೀಟರ್ ಒಳಗೆ ಅಷ್ಟೇ.

ಕೇಳ್ಬೇಕಾಗಿರೋದು ಏನಂದ್ರೆ, ಇಷ್ಟು ಸಣ್ಣ ಪ್ರಮಾಣಕ್ಕೆ ಅಬಕಾರಿಯಲ್ಲಿ ಬೇರೆ ಲೈಸೆನ್ಸ್ ಇದೆಯಾ, ಮನೆಗೆ ಅಂತ ಸ್ವಲ್ಪ ಮಾಡ್ಕೊಂಡ್ರೆ ಪರವಾಗಿಲ್ವಾ, ಆಮೇಲೆ ನಮ್ಮ ಜಮೀನು ಹೈವೇ ಪಕ್ಕಕ್ಕೇ ಇದೆ, ಅಲ್ಲೇ ಒಂದು ಶೆಡ್ ಹಾಕಿ ಬೆಂಗಳೂರು-ಹುಬ್ಬಳ್ಳಿ ಓಡಾಡೋರಿಗೆ ಮಾರ್ಬೋದಾ. ಮಡಿಕೇರಿಗೆ ಹೋದಾಗ ನೋಡಿದೀನಿ, ಅಲ್ಲಿ ಮಸಾಲೆ ಅಂಗಡಿಯಲ್ಲೆಲ್ಲಾ ಹೋಂಮೇಡ್ ವೈನ್ ಅಂತ ಬೋರ್ಡ್ ಹಾಕ್ಕೊಂಡು ಮಾರ್ತಾರಲ್ಲ, ಅವ್ರಿಗೆ ಹೇಗೆ ಆಗುತ್ತೆ?

ದುರ್ಗದ ವಕೀಲ

ಕೊನೇದ್ರಿಂದ ಶುರು ಮಾಡ್ತೀನಿ. ಕೊಡಗಿನವರಿಗೆ ವಿನಾಯ್ತಿ ಇರೋದು ಕೋವಿಗೆ, ವೈನಿಗಲ್ಲ. ಜನ ಎರಡನ್ನೂ ಸೇರಿಸಿಬಿಟ್ಟಿದಾರೆ. ಸನ್ನದು ಇಲ್ದೆ ಅಲ್ಲಿ ಮಾರೋದೂ ಕಾನೂನುಬಾಹಿರನೇ, ಆಗಾಗ ರೇಡ್ ಆಗುತ್ತೆ, ಬಾಟ್ಲಿ ಜಪ್ತಿ ಆಗುತ್ತೆ, ಮತ್ತೆ ಬೋರ್ಡ್ ಏಳುತ್ತೆ. ಅಲ್ಲಿ ನಡೀತಿದೆ ಅನ್ನೋದನ್ನ ಇಲ್ಲಿ ನೀವು ಆಧಾರವಾಗಿ ಇಟ್ಕೋಬೇಡಿ.

ಮನೆಗೆ ಮಾಡ್ಕೊಳ್ಳೋದ್ರ ಬಗ್ಗೆ. ಕರ್ನಾಟಕ ಅಬಕಾರಿ ಕಾಯ್ದೆ 1965, ಕಲಂ 13 ಓದಿ. ಲೈಸೆನ್ಸ್ ಇಲ್ದೆ ಮಾದಕ ಪಾನೀಯ ತಯಾರಿಸೋ ಹಾಗೇ ಇಲ್ಲ. ಮಾರ್ತೀರೋ ಕುಡೀತೀರೋ ಅನ್ನೋದು ಆಮೇಲಿನ ಮಾತು, ತಯಾರಿಸಿದ್ದೇ ಅಪರಾಧ. ಮಾರಾಟಕ್ಕೆ ಕಲಂ 15 ಬೇರೆ ಇದೆ. ಶಿಕ್ಷೆ ಕಲಂ 32ರಲ್ಲಿ, ಜೈಲು ಮತ್ತು ದಂಡ. ಅಮೆರಿಕ ಇಂಗ್ಲೆಂಡಲ್ಲಿ ಹೋಂಬ್ರೂ ಅಂತ ಯೂಟ್ಯೂಬ್‌ನಲ್ಲಿ ನೋಡಿರ್ತೀರಿ, ಅಲ್ಲಿ ಮನೆ ಬಳಕೆಗೆ ಅಂತ ಬಿಟ್ಟಿದಾರೆ, ನಮ್ಮಲ್ಲಿ ಆ ಬಾಗ್ಲೇ ಇಲ್ಲ.

ಹಳ್ಳಿ ಕಡೆ ಇನ್ನೊಂದು ಅಪಾಯ ಹೇಳ್ಲೇಬೇಕು. 2007ರ ಜುಲೈ 1ಕ್ಕೆ ಸರಾಯಿ ನಿಷೇಧ ಆದ್ಮೇಲೆ ಅಬಕಾರಿಯವರ ಕಣ್ಣು ಕಳ್ಳಭಟ್ಟಿ ಮೇಲೆ. ತೋಟದ ಶೆಡ್ಡಲ್ಲಿ ನೀಲಿ ಡ್ರಮ್ಮು, ಒಳಗೆ ಬುರುಗು ಬರ್ತಿರೋ ರಸ, ಪಕ್ಕದಲ್ಲಿ ಸಕ್ಕರೆ ಚೀಲ. ಯಾರೋ ಆಗದವನು ಒಂದು ಫೋನ್ ಮಾಡಿದ್ರೆ ಸಾಕು. ಬಂದವರು ಅದನ್ನ ದಾಳಿಂಬೆ ವೈನ್ ಅಂತ ಬರ್ಕೊಳ್ಳಲ್ಲ, ಕೊಳೆ, ಅಂದ್ರೆ ಕಳ್ಳಭಟ್ಟಿಗೆ ಹುದುಗಿಸಿಟ್ಟ ರಸ, ಅಂತ ಪಂಚನಾಮೆ ಬರೀತಾರೆ, ಅಲ್ಲೇ ಚೆಲ್ತಾರೆ, ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ. ಲ್ಯಾಬಲ್ಲಿ ಆಲ್ಕೋಹಾಲ್ ಬಂದೇ ಬರುತ್ತೆ, ಅದ್ರಲ್ಲಿ ವಾದ ಮಾಡೋಕೆ ಏನಿದೆ.

ನಾನು ನನ್ನ ಬೆಳೆಯಿಂದ ಏನಾದ್ರೂ ಮಾಡ್ಕೋತೀನಿ, ಅದು ನನ್ನ ಹಕ್ಕು ಅಂತ ಕೆಲವ್ರು ಹೇಳ್ತಾರೆ. ಖೋಡೆ ಡಿಸ್ಟಿಲರೀಸ್ ವಿರುದ್ಧ ಕರ್ನಾಟಕ ಸರ್ಕಾರ ಕೇಸಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿಬಿಟ್ಟಿದೆ, ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ. ಸರ್ಕಾರ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ಮದ್ಯ ರಾಜ್ಯ ಪಟ್ಟೀಲಿ ಬರುತ್ತೆ, ಹಾಗಾಗಿ ಗೋವಾದಲ್ಲಿ ಹೀಗಿದೆ ಮಹಾರಾಷ್ಟ್ರದಲ್ಲಿ ಹಾಗಿದೆ ಅನ್ನೋದು ನಿಮ್ಮ ಫೈಲಿಗೆ ಕೆಲಸಕ್ಕೆ ಬರಲ್ಲ.

ಬೆಣ್ಣೆನಗರಿ

ವಕೀಲ್ರು ಹೆದರಿಸಿಬಿಟ್ರು ಆದ್ರ ಹೇಳಿದ್ದು ಖರೇನ ಐತಿ. ನಮ್ದು ದಾವಣಗೆರೆಯಾಗ ಬಾರ್ ಐತ್ರಿ, ಅಪ್ಪನ ಕಾಲದ ಸಿಎಲ್-9, ಅಂದ್ರ ಬಾರ್ ಲೈಸೆನ್ಸು. ನಿಮ್ಮ ಭಾಮೈದ ಹೇಳೋ ಕ್ರಾಫ್ಟ್ ಬಿಯರ್ ಲೆಕ್ಕನೂ ನಾವು ಹಾಕಿ ನೋಡೀವಿ ಅದಕ್ಕ ಬರ್ಯಾಕತ್ತೀನಿ.

ಮೈಕ್ರೋಬ್ರೂವರಿ ಅಂತ ಒಂದು ಲೈಸೆನ್ಸ್ ಐತಿ ನಮ್ಮ ರಾಜ್ಯದಾಗ, ದಿನಕ್ಕ 1000 ಲೀಟರ್ ತನಕ ಬಿಯರ್ ಮಾಡಬಹುದು, ಬೆಂಗಳೂರಾಗ 2011ರ ಹೊತ್ತಿಗೆ ಶುರುವಾಗಿದ್ದು ಅದೇ. ಆದ್ರ ಅದು ಬರೇ ಬಿಯರ್ ಮಾಡಾವರಿಗೆ ಕೊಡೋದಲ್ರಿ, ಮೊದಲ ಕೈಯಾಗ ಸಿಎಲ್-9ನೋ ಸಿಎಲ್-7ನೋ (ಲಾಡ್ಜಿಂಗ್ ಹೋಟೆಲ್ಲಿಂದು) ಕ್ಲಬ್ಬೋ ಸ್ಟಾರ್ ಹೋಟೆಲ್ಲೋ ಇರಬೇಕು, ಅದರ ಬೆನ್ನಿಗೆ ಇದು. ಮತ್ತ ಮಾಡಿದ ಬಿಯರ್ ಅಲ್ಲೇ ಕೂತವರಿಗೆ ಕೊಡಬೇಕು, ಬಾಟ್ಲಿ ತುಂಬಿ ಬ್ಯಾರೆ ಅಂಗಡಿಗೆ ಕಳಸೋ ಹಂಗಿಲ್ಲ. 2020ರ ಲಾಕ್‌ಡೌನ್‌ನಾಗ ಟ್ಯಾಂಕಿನಾಗ ಇದ್ದಿದ್ದು ಕೆಡ್ತದ ಅಂತ ಸ್ವಲ್ಪ ದಿನ ಪಾರ್ಸಲ್ ಬಿಟ್ಟಿದ್ರು ಅಷ್ಟ.

ಈಗ ನೀವು ಕೇಳ್ತೀರಿ ಹಂಗಾದ್ರ ಒಂದು ಸಿಎಲ್-9 ತಗೊಂಡ್ರಾತು ಅಂತ. ತಗೊಳ್ರಿ ನೋಡೋಣು! 1992ರಿಂದ ಸರ್ಕಾರ ಹೊಸಾ ಸಿಎಲ್-2 (ಚಿಲ್ಲರೆ ಮದ್ಯದಂಗಡಿ), ಸಿಎಲ್-9 ಕೊಡೋದ ನಿಲ್ಲಿಸೇತಿ, ಇರೋದ್ನ ಒಬ್ಬರಿಂದ ಒಬ್ಬರು ವರ್ಗಾವಣಿ ಮಾಡಿಸ್ಕೊಳ್ಳೋದು, ಅದರ ರೇಟ್ ಕೇಳಿದ್ರ ನಿಮ್ಮ ತ್ವಾಟ ಮಾರಿದ್ರೂ ಸಾಲಂಗಿಲ್ಲ. ನಡುವ ಎಂಎಸ್‌ಐಎಲ್ ಅಂಗಡಿ ಬಂದ್ವು, ಅವು ಸರ್ಕಾರದ್ದ. 2025-26ರ ಬಜೆಟ್ಟಿನಾಗ ಉಳಿದ ಲೈಸೆನ್ಸ್ ಇ-ಹರಾಜು ಹಾಕ್ತೀವಿ ಅಂದ್ರು, ಹರಾಜಿನಾಗ ದೊಡ್ಡ ದೊಡ್ಡ ಕುಳಗಳ ಎದುರು ದಾಳಿಂಬಿ ರೈತ ಕೂಗಾಕ ಆಕ್ಕೇತೇನು.

ಇನ್ನ ನಮ್ಮೂರ ಗಿರಾಕಿ ಬಗ್ಗೆ. ನಾವು ಮೈಕ್ರೋಬ್ರೂವರಿ ಕೈಬಿಟ್ಟಿದ್ದು ಲೈಸೆನ್ಸಿಗಲ್ಲ, ಗಿರಾಕಿ ಸಲುವಾಗಿ. ಇಲ್ಲಿ ಜನಕ್ಕ ದೊಡ್ಡ ಬಾಟ್ಲಿ ಸ್ಟ್ರಾಂಗ್ ಬೇಕು, ಮಿರ್ಚಿ ಮಂಡಕ್ಕಿ ಬೇಕು. ಗೋಧಿ ಬಿಯರ್ ರುಚಿ ತೋರಿಸಿದ್ರ ಒಬ್ಬಾತ ಇದೇನ್ರಿ ಹುಳಿ ಮಜ್ಜಿಗಿ ಇದ್ದಂಗೈತಿ ಅಂತ ಕೆಳಗಿಟ್ಟ. ವೈನ್ ಅಂತೂ ನಮ್ಮ ಬಾರಿನಾಗ ಹೊಸ ವರ್ಷಕ್ಕೊಮ್ಮಿ ಹೋದ್ರ ಹೋತು. ನಿಮ್ಮ ಗಿರಾಕಿ ಬೆಂಗಳೂರಾಗ ಅದಾರ, ಅಲ್ಲಿಗೆ ಮುಟ್ಟಸೋ ದಾರಿ ನಡುವ ಕೆಎಸ್‌ಬಿಸಿಎಲ್, ಅಂದ್ರ ಸರ್ಕಾರದ ಪಾನೀಯ ನಿಗಮದ ಡಿಪೋ ಐತಿ. 2003ರಿಂದ ಯಾವ ಕಂಪನಿ ಮಾಲು ಇದ್ರೂ ಮೊದಲ ಆ ಡಿಪೋಕ್ಕ ಹೋಗಬೇಕು, ನಾವು ಅಂಗಡಿಯವರು ಮೊದಲ ರೊಕ್ಕ ಕಟ್ಟಿ ಅಲ್ಲಿಂದ ಎತ್ತಬೇಕು. ಹೆಸರಿಲ್ಲದ ಬ್ರ್ಯಾಂಡಿಗೆ ಯಾವ ಅಂಗಡಿಯಾತ ಇಂಡೆಂಟ್ ಹಾಕ್ತಾನ ಹೇಳ್ರಿ? ನಾನಂತೂ ಹಾಕಂಗಿಲ್ಲ, ಬೇಜಾರ ಮಾಡ್ಕಬ್ಯಾಡ್ರಿ.

ಹರಿಹರದ ಸೆಲ್ಲಾರ್

ನಾನು ಹರಿಹರದವನು, ಕೆಲ ವರ್ಷ ಒಂದು ವೈನರಿಯಲ್ಲಿ ಸೆಲ್ಲಾರ್ ಕೆಲಸ ಮಾಡಿದೀನಿ. ಬೆಣ್ಣೆನಗರಿಯವರು ಬಿಯರ್ ಕಡೆಯಿಂದ ನೋಡ್ತಿದಾರೆ, ನಿಮ್ಮದು ಬಿಯರ್ ಅಲ್ವೇ ಅಲ್ಲ. ಹಣ್ಣಿನ ರಸ ಹುದುಗಿಸಿದ್ರೆ ವೈನ್, ಧಾನ್ಯ ಮೊಳಕೆ ಬರ್ಸಿ ಬೇಯಿಸಿ ಹುದುಗಿಸಿದ್ರೆ ಬಿಯರ್, ಎರಡ್ರಲ್ಲಿ ಯಾವುದನ್ನಾದ್ರೂ ಬಟ್ಟಿ ಇಳಿಸಿದ್ರೆ ಡಿಸ್ಟಿಲರಿ. ಮೂರಕ್ಕೂ ನಿಯಮಾವಳಿ ಬೇರೆ ಬೇರೆ. ಬಟ್ಟಿ ಕಡೆಗಂತೂ ಕನಸಲ್ಲೂ ಹೋಗ್ಬೇಡಿ, ಕ್ರಾಫ್ಟ್ ಜಿನ್ ಮಾಡೋ ಹುಡುಗ್ರು ಗೋವಾಕ್ಕೆ ಹೋಗಿ ಕೂತಿರೋದು ಸುಮ್ನೆ ಅಲ್ಲ.

ಮೂರರಲ್ಲಿ ಸ್ವಲ್ಪ ಮೆದುವಾಗಿರೋ ಬಾಗಿಲು ವೈನ್‌ದೇ. 2007ರಲ್ಲಿ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಬೋರ್ಡ್ ಬಂತು, ಅದು ತೋಟಗಾರಿಕೆ ಜೊತೆ ಕೆಲಸ ಮಾಡುತ್ತೆ, ಅಬಕಾರಿ ಥರ ಲಾಠಿ ಹಿಡ್ಕೊಂಡಿಲ್ಲ. ವೈನ್ ಟಾವರ್ನ್, ವೈನ್ ಬೊಟಿಕ್ ಅಂತ ಬರೀ ವೈನ್ ಮಾರೋ ಲೈಸೆನ್ಸ್ ಬಂದಿದ್ದೂ ಆ ಕಾಲಕ್ಕೇ, ಅದಕ್ಕೆ ಸಿಎಲ್-9 ಬೇಡ. ಕೊಪ್ಪಳ ಜಿಲ್ಲೇಲಿ ಕೃಷ್ಮಾ ಅಂತ ಇದೆಯಲ್ಲ, ಹಂಪಿ ಹಿಲ್ಸ್ ವೈನು, ದುರ್ಗದಿಂದ ಹೊಸಪೇಟೆ ದಾರಿ ಹಿಡಿದ್ರೆ ದೂರ ಏನಲ್ಲ. ಆದ್ರೆ ನೀತಿಯ ಹೆಸರಲ್ಲೂ ದ್ರಾಕ್ಷಿ, ಅದಕ್ಕಿಂತ ಹಳೇ 1968ರ ವೈನ್ ತಯಾರಿಕೆ ನಿಯಮದ ಹೆಸರಲ್ಲೂ ದ್ರಾಕ್ಷಿ. ಇಡೀ ವ್ಯವಸ್ಥೆ ನಂದಿ ಕಣಿವೆ, ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನ ಮನಸ್ಸಲ್ಲಿಟ್ಕೊಂಡು ಕಟ್ಟಿದ್ದು. ದಾಳಿಂಬೆ ತಗೊಂಡು ಹೋದ್ರೆ ಮೊದಲನೇ ಟೇಬಲ್ಲಲ್ಲೇ ಫೈಲ್ ನಿಲ್ಲುತ್ತೆ.

ಈ ವಿಷಯದಲ್ಲಿ ನನಗೆ ಹೊಟ್ಟೆ ಉರಿಯೋದು ಕೇರಳ ನೋಡಿ. ಅಲ್ಲಿ 2022ರಲ್ಲಿ ಸಣ್ಣ ವೈನರಿ ನಿಯಮ ಅಂತಲೇ ಬೇರೆ ಮಾಡಿದ್ರು, ಅಲ್ಲಿನ ರೈತರು ಬೆಳೆಯೋ ಗೇರುಹಣ್ಣು, ಹಲಸು, ಬಾಳೆ ಇಂಥದ್ರಿಂದ ಕಡಿಮೆ ಆಲ್ಕೋಹಾಲ್ ವೈನ್ ಮಾಡೋಕೆ. ಮೇಘಾಲಯದಲ್ಲಿ 2020ರಲ್ಲೇ ಮನೆ ಹಣ್ಣಿನ ವೈನಿಗೆ ಲೈಸೆನ್ಸ್ ಕೊಡೋಕೆ ಶುರು ಮಾಡಿದ್ರು. ನಮ್ಮಲ್ಲಿ ದಾಳಿಂಬೆ, ಸೀತಾಫಲ, ಮಾವು, ಪಪ್ಪಾಯ ಎಲ್ಲಾ ಇದೆ, ನಿಯಮ ಮಾತ್ರ ದ್ರಾಕ್ಷಿ ಗೊಂಚಲಿಗೇ ನೇತಾಡ್ತಿದೆ.

ಮೀಡ್ ಕತೆನೂ ಹಂಗೇ. ಪುಣೆಯಲ್ಲಿ ಮೂನ್‌ಶೈನ್ ಅಂತ ಮೀಡರಿ ಇದೆ, ನಾಸಿಕ್‌ನಲ್ಲಿ ಸೆರಾನಾ ಇದೆ, ಎರಡೂ ಮಹಾರಾಷ್ಟ್ರ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಈಗ ತನ್ನ ಮದ್ಯದ ಮಾನದಂಡದಲ್ಲಿ ಜೇನಿನ ವೈನ್ ಅಂತ ಮೀಡನ್ನೂ ಸೇರಿಸಿದೆ, ಸಂತೋಷ. ಆದ್ರೆ ಅದು ಬಾಟ್ಲಿ ಒಳಗೆ ಏನಿರ್ಬೇಕು, ಲೇಬಲ್ ಮೇಲೆ ಏನು ಬರೀಬೇಕು ಅಂತ ಹೇಳುತ್ತೆ ಅಷ್ಟೇ. ತಯಾರಿಸೋಕೆ ಅನುಮತಿ ಕೊಡೋದು ರಾಜ್ಯದ ಅಬಕಾರಿನೇ. ಎಫ್‌ಎಸ್‌ಎಸ್‌ಎಐ ನಂಬರ್ ಬಂತು ಅಂತ ಜನ ಶುರು ಹಚ್ಕೊಂಡುಬಿಡ್ತಾರೆ, ಅದು ಬೇರೆ ಇದು ಬೇರೆ.

ವೈನರಿ ಒಳಗಿನ ದಿನಚರಿ ಹೇಳ್ತೀನಿ ಕೇಳಿ, ಆಮೇಲೆ ಆಸೆ ಇಟ್ಕೊಳ್ಳಿ. ಟ್ಯಾಂಕ್ ಒಂದೊಂದನ್ನೂ ಅಳತೆ ಮಾಡಿಸ್ಬೇಕು, ಇಂತಿಷ್ಟು ಸೆಂಟಿಮೀಟರ್ ಇದ್ರೆ ಇಂತಿಷ್ಟು ಲೀಟರ್ ಅಂತ. ಎಷ್ಟು ಹಣ್ಣು ಬಂತು, ಎಷ್ಟು ರಸ, ಎಷ್ಟು ವೈನ್, ಗಸಿಯಲ್ಲಿ ಎಷ್ಟು ಹೋಯ್ತು ಎಲ್ಲಾ ರಿಜಿಸ್ಟರ್. ವೇಸ್ಟೇಜ್ ನಿಯಮಕ್ಕಿಂತ ಜಾಸ್ತಿ ಆದ್ರೆ ಉತ್ತರ ಕೊಡ್ಬೇಕು. ಲೇಬಲ್ಲಿಗೆ ಬೇರೆ ಅನುಮೋದನೆ, ಅದಕ್ಕೆ ಫೀಸು, ಪ್ರತಿ ವರ್ಷ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30, ನಿಮ್ಮ ದಾಳಿಂಬೆ ಸೀಸನ್ನು ಅದಕ್ಕೆ ಹೊಂದ್ಕೊಳ್ಳಲ್ಲ. ಇನ್ನೊಂದು ಯಾರೂ ಮೊದಲೇ ಹೇಳದೇ ಇರೋದು, ಕುಡಿಯೋ ಮದ್ಯ ಜಿಎಸ್‌ಟಿ ಆಚೆ ಇದೆ, ಹಾಗಾಗಿ ಬಾಟ್ಲಿ, ಕಾರ್ಕು, ಡಬ್ಬ, ಮಷಿನ್ನು ಇದಕ್ಕೆಲ್ಲ ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ಲ, ಅದು ನಿಮ್ಮ ಖರ್ಚಿಗೇ ಸೇರುತ್ತೆ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ, ಸಾವಿರ ಲೀಟರಿನವನಿಗೆ ಇದೇ ಸೊಂಟ ಮುರಿಯುತ್ತೆ.

ನನ್ನ ಕೇಳಿದ್ರೆ ಒಂದು ದಾರಿ ಇದೆ, ಲೈಸೆನ್ಸ್ ಇರೋ ವೈನರಿ ಜೊತೆ ಮಾತಾಡಿ ರಸ ಸಪ್ಲೈ ಮಾಡೋದು. ಹುದುಗಿಸದ ರಸ ಬರೀ ರಸ, ಅದು ಅಬಕಾರಿ ಮಾಲಲ್ಲ. ಕಾಳು ಬಿಡಿಸಿ ಹಿಂಡಿ, ಸಿಪ್ಪೆ ಮತ್ತೆ ಒಳಗಿನ ಬಿಳಿ ಪೊರೆ ಸೇರದ ಹಾಗೆ, ಅದು ಸೇರಿದ್ರೆ ಕಹಿ ಎಷ್ಟು ಬರುತ್ತೆ ಅಂದ್ರೆ ಏನು ಮಾಡಿದ್ರೂ ಹೋಗಲ್ಲ. ತಕ್ಷಣ ಫ್ರೀಜ್ ಮಾಡಿ ಕಳ್ಸಿ. ಹೊಸ ಹಣ್ಣಿನ ಪ್ರಯೋಗ ಮಾಡೋಕೆ ಅನುಮತಿ ಓಡಾಟ ಎಲ್ಲಾ ಅವ್ರದ್ದೇ ಆಗುತ್ತೆ, ನಿಮ್ಮ ತೋಟದ ಹೆಸರು ಲೇಬಲ್ ಮೇಲೆ ಬರೋ ಹಾಗೆ ಒಪ್ಪಂದ ಮಾಡ್ಕೊಳ್ಳಿ.

ಹಿರಿಯೂರು ತೋಟ

ಅಯ್ಯೋ ಇಷ್ಟೊಂದು ಐತೆ ಅಂತ ಗೊತ್ತೇ ಇರ್ಲಿಲ್ಲ. ವಕೀಲ್ರೇ ಆ ಹೈವೇ ಶೆಡ್ ಬಗ್ಗೆ ಹೇಳಲಿಲ್ಲ. ಮತ್ತೆ ಮದುವೆ ಸಮಾರಂಭಕ್ಕೆಲ್ಲಾ ಒಂದು ದಿನದ ಲೈಸೆನ್ಸ್ ಕೊಡ್ತಾರಲ್ಲ, ಅದನ್ನ ತಗೊಂಡು ಕೃಷಿ ಮೇಳದಲ್ಲಿ ಒಂದು ಸ್ಟಾಲ್ ಹಾಕೋಕೆ ಬರಲ್ವಾ?

ದುರ್ಗದ ವಕೀಲ

ಅದು ಸಿಎಲ್-5. ಕಾನೂನುಬದ್ಧವಾಗಿ ಕೊಂಡು ತಂದ ಮದ್ಯವನ್ನ ಆ ದಿನ ಆ ಜಾಗದಲ್ಲಿ ಹಂಚೋಕೆ ಇರೋದು. ನೀವು ತಯಾರಿಸಿದ್ದನ್ನ ಅದು ಸಕ್ರಮ ಮಾಡಲ್ಲ.

ಹೈವೇ ಶೆಡ್ ಮರೆತುಬಿಡಿ. 1967ರ ಅಬಕಾರಿ ಸನ್ನದು ಸಾಮಾನ್ಯ ಷರತ್ತುಗಳ ನಿಯಮ, ರೂಲ್ 5. ರಾಷ್ಟ್ರೀಯ ಅಥವಾ ರಾಜ್ಯ ಹೆದ್ದಾರಿ ಮಧ್ಯದಿಂದ 220 ಮೀಟರ್ ಒಳಗೆ ಮದ್ಯದಂಗಡಿ ಬರೋ ಹಾಗಿಲ್ಲ. ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿ, ಪರಿಶಿಷ್ಟರು ಹೆಚ್ಚಾಗಿರೋ ವಸತಿ ಪ್ರದೇಶದಿಂದ 100 ಮೀಟರ್. ಅದರ ಮೇಲೆ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಅಂದಿತು, ಆಮೇಲೆ 2017ರಲ್ಲಿ ಇಪ್ಪತ್ತು ಸಾವಿರಕ್ಕಿಂತ ಕಮ್ಮಿ ಜನ ಇರೋ ಕಡೆ 220 ಅಂತ ಇಳಿಸಿತು, ನಗರಸಭೆ ವ್ಯಾಪ್ತಿಗೆ ಬೇರೆ ಸಡಿಲಿಕೆ ಕೊಟ್ಟಿತು. ನಿಮ್ಮ ಜಮೀನು ರಾಷ್ಟ್ರೀಯ ಹೆದ್ದಾರಿ 48ರ ಪಕ್ಕಕ್ಕೇ ಇದೆ ಅಂದ್ರೆ ಅದು ಹೋಟೆಲ್ಲಿಗೆ ಚಿನ್ನ, ಇದಕ್ಕೆ ಮಣ್ಣು. ದೂರ ಅಳೆಯೋದು ಸರ್ವೇಯರ್ ಟೇಪ್ ಹಿಡಿದು, ಗೂಗಲ್ ಮ್ಯಾಪ್ ತೋರ್ಸಿದ್ರೆ ಯಾರೂ ಒಪ್ಪಲ್ಲ.

ಸೆಲ್ಲಾರ್ ಅವ್ರು ಹೇಳಿದ ದಾರಿ ಕಾನೂನಿನ ಪ್ರಕಾರ ಅತಿ ಸುರಕ್ಷಿತ. ಆದ್ರೂ ಸ್ವಂತ ವೈನರಿ ಆಸೆ ಬಿಡೋಕಾಗ್ತಿಲ್ಲ ಅಂದ್ರೆ ಏಜೆಂಟರ ಕೈಗೆ ದುಡ್ಡು ಕೊಡೋ ಮೊದ್ಲು ಒಂದು ಕೆಲಸ ಮಾಡಿ. ಚಿತ್ರದುರ್ಗದ ಅಬಕಾರಿ ಉಪ ಆಯುಕ್ತರಿಗೆ ಬರವಣಿಗೆಯಲ್ಲಿ ಒಂದು ಅರ್ಜಿ, ಪ್ರತಿ ವೈನ್ ಬೋರ್ಡಿಗೆ. ದಾಳಿಂಬೆ ರಸದಿಂದ ಇಂತಿಷ್ಟು ಪ್ರಮಾಣದ ವೈನ್ ತಯಾರಿಸಲು ಯಾವ ನಿಯಮದಡಿ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು ಅಂತ ಒಂದೇ ಪ್ರಶ್ನೆ. ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ. ಕೌಂಟರಲ್ಲಿ ಬಾಯಲ್ಲಿ ಆಗುತ್ತೆ ಅಂದವರೂ ಆಗಲ್ಲ ಅಂದವರೂ ನಾಳೆ ಟ್ರಾನ್ಸ್‌ಫರ್ ಆಗಿರ್ತಾರೆ, ಕಾಗದ ಉಳಿಯುತ್ತೆ. ನಿಯಮ ಓದುವಾಗ ಇವತ್ತಿನ ತಿದ್ದುಪಡಿ ಸಮೇತ ಓದಿ, ಅಂಗಡಿ ಪುಸ್ತಕಗಳು ಹಳೇವಿರ್ತವೆ.

ಕಲ್ಲಿನಕೋಟೆ ಹುಡ್ಗ

ಎಲ್ಲಾ ಬಿಡಿ ಗುರು, ನಮ್ಮ ತಾತನ ಕಾಲದಲ್ಲಿ ಈಚಲು ಮರದಿಂದ ಹೆಂಡ ಇಳ್ಸಿ ಕುಡಿದ್ರು ಯಾರೂ ಏನೂ ಕೇಳ್ತಿರ್ಲಿಲ್ಲ. ಈಗ ರೈತ ಮಾಡಿದ್ರೆ ಕಳ್ಳಭಟ್ಟಿ ಬೆಂಗಳೂರಲ್ಲಿ ಮಾಡಿದ್ರೆ ಕ್ರಾಫ್ಟು

ದುರ್ಗದ ವಕೀಲ

ತಾತನ ಕಾಲದಲ್ಲೂ ಹೆಂಡದ ಗುತ್ತಿಗೆ ಹರಾಜಾಗ್ತಿತ್ತು, ಮರಕ್ಕೆ ತೆರಿಗೆ ಇತ್ತು. ಕೇಳ್ತಿರ್ಲಿಲ್ಲ ಅನ್ನೋದು ನಿಮ್ಮ ತಾತ ಹೇಳಿದ್ದು. ಎರಡನೇ ವಾಕ್ಯಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.

ಹೊಸದುರ್ಗ ಸಂಘ

ನಾನು ಹೊಸದುರ್ಗದ ಕಡೆಯೋಳು, ನಮ್ಮ ಮಹಿಳಾ ಸಂಘದಲ್ಲಿ ಸಿರಪ್ಪು ಜ್ಯಾಮು ವಿನೆಗರ್ ಮಾಡ್ತೀವಿ. ಯಾಕೆ ಎಲ್ರೂ ವೈನ್ ವೈನ್ ಅಂತ ಕೂತಿದೀರೋ ಗೊತ್ತಾಗ್ತಿಲ್ಲ, ಅಣ್ಣನ ತೊಂದ್ರೆ ಬಿರುಕು ಹಣ್ಣು ತಾನೇ.

ವಿನೆಗರ್ ಮಾಡಿ. ದಾಳಿಂಬೆ ವಿನೆಗರಿಗೆ ಬೆಂಗಳೂರಲ್ಲಿ ಗಿರಾಕಿ ಇದಾರೆ, ಆಪಲ್ ಸೈಡರ್ ಕುಡಿಯೋ ಜನನೇ ಇದನ್ನೂ ತಗೋತಾರೆ. ಅಬಕಾರಿ ಬೇಡ, ಡಿಪೋ ಬೇಡ, ಕೊರಿಯರ್‌ನಲ್ಲಿ ಹೋಗುತ್ತೆ, ಮೇಳದಲ್ಲಿ ಇಡ್ಬೋದು, ನಿಮ್ಮ ಹೈವೇ ಶೆಡ್ಡಲ್ಲೂ ಇಡ್ಬೋದು. ಎಫ್‌ಎಸ್‌ಎಸ್‌ಎಐ ಪ್ರಕಾರ ಅಸಿಟಿಕ್ ಆಸಿಡ್ ಕನಿಷ್ಠ 3.75 ಪರ್ಸೆಂಟ್ ಇರ್ಬೇಕು, ನಮ್ಮದು ಐದರ ಹತ್ರ ಬರುತ್ತೆ. ಆಹಾರ ಸಂಸ್ಕರಣೆ ಅಂತ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಸಬ್ಸಿಡಿ ಇದೆ, ಕೇಂದ್ರದ್ದು 35 ಪರ್ಸೆಂಟು, ನಮ್ಮ ರಾಜ್ಯ ಸರ್ಕಾರ ಇನ್ನೂ 15 ಸೇರಿಸಿ ಕೊಡುತ್ತೆ. ವೈನಿಗೆ ಯಾರು ಕೊಡ್ತಾರೆ ಅದನ್ನ.

ಹರಿಹರದ ಸೆಲ್ಲಾರ್

ಅಕ್ಕ ಹೇಳಿದ್ದು ಸರಿ ಇದೆ, ಆದ್ರೆ ಒಂದು ತಿಳ್ಕೊಂಡಿರಲಿ. ವಿನೆಗರ್ ಆಗೋ ಮೊದ್ಲು ರಸ ವೈನ್ ಆಗ್ಲೇಬೇಕು. ಭಗವಾ ರಸ ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ) 15ರ ಆಸುಪಾಸು ಬರುತ್ತೆ, ಪೂರ್ತಿ ಹುದುಗಿದ್ರೆ ಹತ್ತಿರ ಹತ್ತಿರ 8 ಪರ್ಸೆಂಟ್ ಆಲ್ಕೋಹಾಲ್, ಆಮೇಲೆ ಗಾಳಿ ಆಡಿಸಿದಾಗ ಬ್ಯಾಕ್ಟೀರಿಯಾ ಅದನ್ನ ಹುಳಿ ಮಾಡುತ್ತೆ. ಮಧ್ಯದಲ್ಲಿ ಇರೋದು ಮದ್ಯನೇ. ಅದನ್ನ ಅಲ್ಲೇ ನಿಲ್ಲಿಸಿ ಬಾಟ್ಲಿಗೆ ತುಂಬಿಟ್ರೆ ವಕೀಲ್ರು ಹೇಳಿದ ಕಲಂ 13ಕ್ಕೇ ಬಂದು ಬೀಳ್ತೀರಿ. ವಿನೆಗರ್ ಮಾಡ್ತಿರೋದು ಅನ್ನೋದು ಮೊದಲಿನಿಂದ ಕಾಣ್ಬೇಕು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಗೋಡೆ ಮೇಲಿರಲಿ, ಹಳೇ ಬ್ಯಾಚಿನ ಮದರ್ (ಹುಳಿ ಮಾಡೋ ಬ್ಯಾಕ್ಟೀರಿಯಾದ ಪೊರೆ) ಶುರುವಿಂದಲೇ ಹತ್ರ ಇರಲಿ, ಬ್ಯಾಚ್ ಬುಕ್ಕಲ್ಲಿ ದಿನಾಂಕ ಹುಳಿ ಎರಡೂ ಬರೀತಾ ಹೋಗಿ. ಕೊನೇ ಬಾಟ್ಲಿಯಲ್ಲಿ ಆಲ್ಕೋಹಾಲ್ 0.5 ಪರ್ಸೆಂಟ್ ದಾಟಬಾರದು, ಅದನ್ನ ದಾಟಿದ್ರೆ ಎಫ್‌ಎಸ್‌ಎಸ್‌ಎಐ ಲೆಕ್ಕದಲ್ಲಿ ಅದು ಮದ್ಯ. ಕೊಂಬುಚಾ ಅನ್ನೋ ಹುದುಗಿಸಿದ ಟೀ ಮಾಡೋರೆಲ್ಲ ಒದ್ದಾಡೋದು ಇದೇ ಗೆರೆಯಲ್ಲಿ.

ಬೆಣ್ಣೆನಗರಿ

ವಿನೆಗರ್ ಆದ್ರ ನನಗೂ ಒಂದ್ ಕ್ಯಾನ್ ಕೊಡ್ರಿ, ಬಾರಿನ ಕಿಚನ್‌ನಾಗ ಉಳ್ಳಾಗಡ್ಡಿ ನೆನಸಾಕ ಬೇಕು. ಇದಕ್ಕ ಇಂಡೆಂಟ್ ಹಾಕ್ತೀನಿ ನೋಡ್ರಿ.

ಹಿರಿಯೂರು ತೋಟ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಉಪ ಆಯುಕ್ತರ ಆಫೀಸಿಗೆ ಅರ್ಜಿ ಅಂತೂ ಹಾಕ್ತೀನಿ ಏನ್ ಹೇಳ್ತಾರೋ ನೋಡೋಣ, ಭಾಮೈದನ ಕೈಲೇ ಟೈಪ್ ಮಾಡುಸ್ತೀನಿ, ಹುಳ ಬಿಟ್ಟೋನು ಅವ್ನೇ ತಾನೆ. ಈ ಸಲದ ಹಣ್ಣಿಗೆ ಮಾತ್ರ ವಿನೆಗರ್ ನೋಡ್ಬೇಕು ಅನ್ಸುತ್ತೆ. ಹೊಸದುರ್ಗದ ಅಕ್ಕಾರೇ ನಿಮ್ಮ ಯೂನಿಟ್ ಒಂದ್ಸಲ ಬಂದು ನೋಡ್ಬೋದಾ, ಮಷಿನ್ ಏನೇನು ಹಾಕಿದೀರ, ಕಾಳು ಕೈಲೇ ಬಿಡಿಸ್ತೀರಾ?

ಹೊಸದುರ್ಗ ಸಂಘ

ಬನ್ನಿ ಅಣ್ಣ ಧಾರಾಳವಾಗಿ. ಕಾಳು ಬಿಡ್ಸೋದು ಕೈಲೇ, ಮಷಿನ್ ನೋಡಿದ್ವಿ ಪೊರೆ ಜಾಸ್ತಿ ಸೇರ್ತಿತ್ತು ಅಂತ ಬಿಟ್ವಿ. ಹಿಂಡೋದಕ್ಕೆ ಸಣ್ಣ ಸ್ಕ್ರೂ ಪ್ರೆಸ್ ಇದೆ, ಸ್ಟೀಲ್ ಡ್ರಮ್ಮು, ಅಕ್ವೇರಿಯಂ ಪಂಪು ಗಾಳಿಗೆ. ಸೋಮವಾರ ಬರೋದಾದ್ರೆ ಮಧ್ಯಾಹ್ನದ ಮೇಲೆ ಬನ್ನಿ, ಬೆಳಿಗ್ಗೆ ಬಾಟ್ಲಿ ತುಂಬೋದಿರುತ್ತೆ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ.